ಘಟ್ಟ ಇಳಿಯುವುದು ಹಗಲಲ್ಲೇ: ಡಿಸೆಂಬರ್ ಟ್ರಿಪ್ಪಿನ ನನ್ನ ಲೆಕ್ಕ

ಡಿಸೆಂಬರ್ ರಜೆಗೆ ನನ್ನ ಗಾಡಿ ಬಾಡಿಗೆ ಕೇಳುವ ಪಾರ್ಟಿಗಳದ್ದು ಒಂದೇ ಹಾಡು. ರಾತ್ರಿ 9ಕ್ಕೆ ಬೆಂಗಳೂರು ಬಿಡೋಣ, ಗಾಡಿಯಲ್ಲೇ ಮಲಗೋಣ, ಬೆಳಿಗ್ಗೆ ಗೋಕರ್ಣದಲ್ಲಿ ಕಣ್ಣು ಬಿಡೋಣ. ಅವರೇನೋ ಮಲಗುತ್ತಾರೆ. ಸ್ಟೇರಿಂಗ್ ಹಿಡಿದವನ ಗತಿ? 9ಕ್ಕೆ ಬಿಟ್ಟ ಟಿಟಿ (ಟೆಂಪೋ ಟ್ರಾವೆಲರ್) ಶಿರಸಿ ಮುಟ್ಟುವುದು ಬೆಳಗಿನ ಜಾವ 4ರ ಆಸುಪಾಸು. ಕಣ್ಣು ಎಳೆಯುವುದೂ ಆಗಲೇ, ಮಂಜು ಇಳಿಯುವುದೂ ಆಗಲೇ, ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ ಶುರುವಾಗುವುದೂ ಆಗಲೇ.

ಐದಾರು ವರ್ಷದ ಹಿಂದೆ ನಾನು ಈ ಬಾಡಿಗೆ ನಿಲ್ಲಿಸಿದೆ. ಬೆಳಿಗ್ಗೆ 8ಕ್ಕಿಂತ ಮೊದಲು ಇಲ್ಲ, ಸಂಜೆ 5ರ ಮೇಲೆ ಇಲ್ಲ. ಘಟ್ಟ ಇಳಿಯುವುದು ಈ ನಡುವೆ ಮಾತ್ರ. ರೇಟು ಮಾತಾಡುವ ಮೊದಲೇ ಇದನ್ನು ಹೇಳಿಬಿಡುತ್ತೇನೆ. ಶಿರಸಿ ಸ್ಟ್ಯಾಂಡಿನಲ್ಲಿ ನಗೆಯೋ ನಗೆ. "ಎಂತ ಮಾರಾಯಾ, ಪಂಚಾಂಗ ನೋಡ್ಕಂಡು ಗಾಡಿ ತೆಗಿತ್ಯಾ?" ಅಂದರು. ಕೊನೆಗೆ ಪಂಚಾಂಗ ಅನ್ನುವುದೇ ನನ್ನ ಹೆಸರಾಯಿತು.

ನಗುವವರಿಗೆ ಕಾರಣವೂ ಇತ್ತು. ಮೊದಲ ಚಳಿಗಾಲದಲ್ಲಿ ಮೂರೋ ನಾಲ್ಕೋ ದೊಡ್ಡ ಪಾರ್ಟಿ ಕೈ ತಪ್ಪಿದವು. 60-70 ಸಾವಿರ ಹೋಯಿತು ಅಂದುಕೊಳ್ಳಿ. ತಿಂಗಳಿಗೆ 22 ಸಾವಿರದಷ್ಟು ಕಂತು ಕಟ್ಟುವವನಿಗೆ ಅದು ಸಣ್ಣ ಮೊತ್ತ ಅಲ್ಲ. ಕ್ರಿಸ್‌ಮಸ್ ವಾರ ಗಾಡಿ ಮನೆ ಅಂಗಳದಲ್ಲಿ ನಿಂತಿತ್ತು. ಹೆಂಡತಿ ಏನೂ ಹೇಳಲಿಲ್ಲ, ಆದರೆ ದಿನಾ ಗಾಡಿ ತೊಳೆದು ನಿಲ್ಲಿಸಿದ್ದು ನೋಡಿ ಅವಳಿಗೂ ಬೇಜಾರು.

ಅದಕ್ಕೂ ಮೊದಲು ಬೇರೆ ದಾರಿ ನೋಡದೆ ಇರಲಿಲ್ಲ. ಎರಡನೇ ಡ್ರೈವರ್ ಹಾಕಿದೆ. ಬ್ಯಾಟಾ ದಿನಕ್ಕೆ ಸಾವಿರ, ಊಟ ಬೇರೆ. ಅವನು ಮಲಗಬೇಕಾದಾಗ ಮುಂದಿನ ಸೀಟಲ್ಲಿ ಕೂತು ನನ್ನ ಜೊತೆ ಹರಟೆ. ಅವನ ಪಾಳಿ ಬಂದಾಗ ಇಬ್ಬರಿಗೂ ನಿದ್ದೆ. ಕಿವಿಗೆ ಸಿಕ್ಕಿಸುವ ಒಂದು ಅಲಾರಾಂ ಬರುತ್ತದಲ್ಲ, ತಲೆ ವಾಲಿದರೆ ಕೂಗುವಂಥದ್ದು, ಅದನ್ನೂ ತರಿಸಿದೆ. ಘಟ್ಟದ ತಿರುವಲ್ಲಿ ತಲೆ ವಾಲದೆ ಇರುತ್ತದೆಯೇ? ಪ್ರತಿ ತಿರುವಿಗೂ ಕೀ ಕೀ. ಪಾರ್ಟಿಯವರೇ ತೆಗೆಸಿದರು.

ಲೈಟಿನ ಮೇಲೆ ಸುರಿದ ದುಡ್ಡು ಇನ್ನೊಂದು ಕಥೆ. ಎಲ್‌ಇಡಿ ಬಾರ್‌ಗೆ ಆರು ಸಾವಿರ ಕೊಟ್ಟೆ, ಕೊನೆಗೆ ಎರಡಕ್ಕೆ ಮಾರಿದೆ. ಮಂಜಿನಲ್ಲಿ ಬೆಳಕು ಜಾಸ್ತಿ ಆದಷ್ಟೂ ಎದುರಿಗೆ ಬಿಳಿ ಗೋಡೆ, ಮತ್ತೇನೂ ಕಾಣುವುದಿಲ್ಲ. ಬಂಪರ್ ಕೆಳಗೆ ತಗ್ಗಿನಲ್ಲಿ ಕೂರಿಸಿದ ಸಾದಾ ಫಾಗ್ ಲ್ಯಾಂಪು, ಡಿಮ್ ಲೈಟು, ಇಷ್ಟೇ ಕೆಲಸಕ್ಕೆ ಬಂದದ್ದು. ಹಳದಿ ಕಾಗದ ಅಂಟಿಸಿಯೂ ನೋಡಿದೆ. ಬಣ್ಣದಿಂದ ದೊಡ್ಡ ವ್ಯತ್ಯಾಸ ನನಗಂತೂ ಕಾಣಲಿಲ್ಲ, ಲ್ಯಾಂಪು ಎಷ್ಟು ತಗ್ಗಿನಲ್ಲಿದೆ ಅನ್ನುವುದರಿಂದ ಕಂಡಿತು. ಗಾಜಿನ ಒಳಗೆ ಮಂಜು ಕಟ್ಟದಂತೆ ಗಡ್ಡದ ನೊರೆ ಹಚ್ಚಿ ಒರೆಸುವ ಉಪಾಯ ಮಾತ್ರ ಪಾಸು, ಎರಡು ಮೂರು ದಿನ ತಡೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಬೆಳಗಿನ ಜಾವದ ನಿದ್ದೆಗೆ ಮದ್ದು ಸಿಗಲಿಲ್ಲ. ಹಾಗಾಗಿ ಟೈಮನ್ನೇ ತಿರುಗಿಸಿದೆ. ಬೆಳಿಗ್ಗೆ 5ಕ್ಕೆ ಬೆಂಗಳೂರು ಬಿಡುವುದು. ಹಿಂದಿನ ರಾತ್ರಿ ನಾನು ಅಲ್ಲೇ ಬೇಗ ಮಲಗಿರುತ್ತೇನೆ. ತಿಂಡಿಗೆ ನಿಂತರೂ ಮಧ್ಯಾಹ್ನ 1ಕ್ಕೆ ಶಿರಸಿ. ಊಟ, ಒಂದು ಲೋಟ ಕಷಾಯ, 2ಕ್ಕೆ ಹೊರಟು ಬಿಸಿಲಲ್ಲೇ ದೇವಿಮನೆ ಇಳಿದು ಕುಮಟಾ. ನಾಲ್ಕೂವರೆ, ತಪ್ಪಿದರೆ 5ಕ್ಕೆ ಗೋಕರ್ಣ. ಸೂರ್ಯ ಮುಳುಗುವುದು 6ರ ಮೇಲೆ. ಪಾರ್ಟಿಗೆ ಸನ್‌ಸೆಟ್ಟೂ ಸಿಕ್ಕಿತು.

ಆದರೆ ಅರ್ಧ ದಿನ ಹಾಳಾಯಿತು ಅನ್ನುತ್ತಾರೆ. ಇಲ್ಲೇ ನನ್ನ ಲೆಕ್ಕ ಗೆದ್ದದ್ದು. ರಾತ್ರಿ ಓಡಿಸಿ ಬೆಳಿಗ್ಗೆ 6ಕ್ಕೆ ಮುಟ್ಟಿದರೆ ರೂಮು ಸಿಗುವುದು ಹನ್ನೆರಡಕ್ಕೆ. ಬೇಗ ಬೇಕೆಂದರೆ ರೂಮಿಗೆ ಸಾವಿರ, ಒಂದೂವರೆ ಸಾವಿರ ಜಾಸ್ತಿ ಕೇಳುತ್ತಾರೆ. ನಾಲ್ಕು ರೂಮಿಗೆ ಎಷ್ಟಾಯಿತು? ಕೊಟ್ಟು ಒಳಗೆ ಹೋದವರು ಸಂಜೆ 4ರವರೆಗೆ ಗೊರಕೆ. ಉಳಿಯಿತು ಅಂದುಕೊಂಡ ದಿನ ಹಾಸಿಗೆಯಲ್ಲೇ ಮುಗಿಯುತ್ತದೆ. ಇದನ್ನು ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ಯಾರೂ ಕೇಳುತ್ತಿರಲಿಲ್ಲ. ಎರಡೂ ಪ್ಲಾನು ಅಕ್ಕಪಕ್ಕ ಬರೆದು ವಾಟ್ಸಾಪ್ ಮಾಡತೊಡಗಿದ ಮೇಲೆ ಹತ್ತರಲ್ಲಿ ಏಳೆಂಟು ಜನ ಒಪ್ಪಿದರು. ಮನೆಯ ಹೆಂಗಸರ ಫೋನಿಗೆ ಕಳಿಸಿದರೆ ಇನ್ನೂ ಬೇಗ ಒಪ್ಪುತ್ತಾರೆ.

ಶಿರಸಿ ಊಟ ಎಲ್ಲಿ ಮಾಡಿಸುತ್ತೇನೆ, ತಲೆಗೆ ಎಷ್ಟು ಬೀಳುತ್ತದೆ ಅಂತ ಕೇಳಬೇಡಿ. ಹದಿನೈದು ಜನರ ಪಾರ್ಟಿಯನ್ನು 5ಕ್ಕೆ ಸರಿಯಾಗಿ ಗಾಡಿ ಹತ್ತಿಸುವುದು ಹೇಗೆ ಅನ್ನುವುದನ್ನೂ ಹೇಳುವುದಿಲ್ಲ. ಹೊಟ್ಟೆಪಾಡು.

2025ರ ಜನವರಿ 22ರ ನಂತರ ಸ್ಟ್ಯಾಂಡಿನಲ್ಲಿ ಪಂಚಾಂಗದ ಜೋಕು ನಿಂತಿತು. ಅವತ್ತು ಬೆಳಕು ಹರಿಯುವ ಮೊದಲು ಅರಬೈಲ್ ಘಟ್ಟದ ಗುಳ್ಳಾಪುರದ ಹತ್ತಿರ ತರಕಾರಿ ಲಾರಿ ಬಿತ್ತಲ್ಲ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟದ್ದು. ಕನಿಷ್ಠ 10 ಜನ ಹೋದರು. ಸಂತೆಗೆ ಹೋಗುವವರಿಗೆ ಹೊತ್ತು ಆರಿಸಿಕೊಳ್ಳುವ ಅನುಕೂಲ ಇಲ್ಲ, ಪಾಪ. ರಜೆಗೆ ಹೋಗುವವರಿಗೆ ಇದೆ. ಆ ವಾರವೇ ಸ್ಟ್ಯಾಂಡಿನ ಇಬ್ಬರು ನನ್ನ ಟೈಮ್ ಟೇಬಲ್ ಕೇಳಿಕೊಂಡು ಮನೆಗೆ ಬಂದರು.

ಹಗಲಲ್ಲಿ ಇಳಿಯುವುದರಿಂದ ಇನ್ನೊಂದು ಲಾಭ ಕಂಡಿತು. ತಿರುವು ಮುಂಚೆಯೇ ಕಾಣುತ್ತದೆ, ಗೇರಲ್ಲೇ ಗಾಡಿ ಹಿಡಿಯಬಹುದು. ಮೊದಲು 15 ಸಾವಿರ ಕಿಲೋಮೀಟರಿಗೆ ಮುಗಿಯುತ್ತಿದ್ದ ಬ್ರೇಕ್ ಪ್ಯಾಡು ಈಗ 20 ಸಾವಿರ ದಾಟುತ್ತದೆ.

ಹುಬ್ಬಳ್ಳಿ ಕಡೆಯ ಪಾರ್ಟಿ ಆದರೆ ತಲೆನೋವೇ ಬೇರೆ. ಹಳಿಯಾಳ, ಮುಂಡಗೋಡ ಕಡೆ ಡಿಸೆಂಬರ್ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಲೈಟಿಲ್ಲದ ಎರಡೆರಡು ಟ್ರೈಲರ್. ನಾನು ಹೊಳೆಯುವ ಕೆಂಪು ಟೇಪಿನ ಸುರುಳಿ ಇಟ್ಟುಕೊಂಡಿದ್ದೇನೆ. ಚಹಾ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಂತಿದ್ದರೆ ಕೇಳಿ ಒಂದು ತುಂಡು ಹಚ್ಚಿಬಿಡುತ್ತೇನೆ. ಬೇಡ ಅಂದವರು ಯಾರೂ ಇಲ್ಲ, ಒಬ್ಬ ಕಬ್ಬು ಕೊಟ್ಟು ಕಳಿಸಿದ. ಬನವಾಸಿ ಸುತ್ತ ರಸ್ತೆ ಮೇಲೆ ಭತ್ತದ ಹುಲ್ಲು ಹರವಿದ್ದರೆ ದಾಟಿದ ಮೇಲೆ ಇಳಿದು ಗಾಡಿ ಅಡಿ ನೋಡಿ. ಶಾಫ್ಟಿಗೆ ಸುತ್ತಿಕೊಂಡ ಹುಲ್ಲು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ.

ವಾಪಸ್ ಬರುವಾಗ ಗೋಕರ್ಣ ಬಿಡುವುದು ತಿಂಡಿ ಆದ ಕೂಡಲೇ, 10ರೊಳಗೆ. ರಾತ್ರಿ 9ಕ್ಕೆ ಬೆಂಗಳೂರು. ಕೊನೆಯ ದಿನ ಸಂಜೆವರೆಗೂ ಬೀಚಲ್ಲಿ ಇರುತ್ತೇವೆ ಅಂದರೆ ಒಂದು ರಾತ್ರಿ ಹಾಲ್ಟ್ ಸೇರಿಸಿ ರೇಟು ಹೇಳುತ್ತೇನೆ. ದೇವಿಮನೆ ರಸ್ತೆ ಕೆಲಸಕ್ಕೆ ಬಂದ್ ಇದ್ದರೆ ಸಿದ್ದಾಪುರ, ಮಾವಿನಗುಂಡಿ ಮೇಲೆ ಹೊನ್ನಾವರಕ್ಕೆ ಇಳಿಸುತ್ತೇನೆ. ಆಗ ಬೆಂಗಳೂರು ಬಿಡುವುದು 5ಕ್ಕಲ್ಲ, 4ಕ್ಕೆ. ಗೇರುಸೊಪ್ಪೆ ಕಾಡಲ್ಲಿ ಐದೂವರೆಗೇ ಮಬ್ಬು ಕವಿಯುತ್ತದೆ.