‘ನೀವು ಕೂತ್ಕೊಳ್ಳಿ’ ಅನ್ನೋದನ್ನು ಬಿಡಿ: ಅರವತ್ತು ದಾಟಿದವರ ಕಾಲಿಗೆ ಬಲ, ಕೈಗೆ ಕೆಲಸ ಕೊಡುವುದು ಹೇಗೆ?

ಷಷ್ಟ್ಯಬ್ದಿ ಮುಗಿದ ಮನೆಗಳಲ್ಲಿ ಒಂದು ಮಾತು ಜಾಸ್ತಿ ಕೇಳಿಸುತ್ತದೆ: ‘ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ.’ ಪ್ರೀತಿಯಿಂದಲೇ ಹೇಳುವ ಮಾತು. ಕೈಯಲ್ಲಿದ್ದ ಬಕೆಟ್ ಕಸಿದುಕೊಳ್ಳುತ್ತೇವೆ. ತರಕಾರಿಗೆ ನಾವೇ ಹೋಗುತ್ತೇವೆ. ಬ್ಯಾಂಕಿನ ಕೆಲಸವನ್ನು ಮೊಬೈಲಿನಲ್ಲೇ ಮುಗಿಸುತ್ತೇವೆ. ವರ್ಷ ಎರಡು ವರ್ಷದಲ್ಲಿ ಅವರು ನಿಜಕ್ಕೂ ಕೂತೇಬಿಡುತ್ತಾರೆ. ಆಗ ‘ವಯಸ್ಸಾಯ್ತಲ್ವಾ’ ಅಂದುಕೊಂಡು ಸುಮ್ಮನಾಗುತ್ತೇವೆ.

ವಯಸ್ಸಿನ ಪಾಲು ಇದೆ, ನಿಜ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಮುಟ್ಟು ನಿಂತ ಮೊದಲ ಕೆಲವು ವರ್ಷ ಹೆಂಗಸರ ಮೂಳೆಯೂ ವೇಗವಾಗಿ ಸವೆಯುತ್ತದೆ. ಆದರೆ ಬಳಸದೇ ಕಳೆದುಕೊಂಡ ಬಲವನ್ನು ಬಹುಮಟ್ಟಿಗೆ ವಾಪಸ್ ತರಬಹುದು. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದಿದೆ. ಬಾಸ್ಟನ್‌ನ ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರಗಳ ಕಾಲಿನ ತೂಕದ ವ್ಯಾಯಾಮ ಕೊಟ್ಟರು. ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಆಗುವುದಾದರೆ ಅರವತ್ತೈದರಲ್ಲಿ ಯಾಕಾಗಬಾರದು?

ಹೆಜ್ಜೆ 1: ಕುರ್ಚಿಯಲ್ಲಿ ಅಳೆಯಿರಿ

ಕೈಗಳಿಲ್ಲದ, ಸುಮಾರು 17 ಇಂಚು ಎತ್ತರದ ಗಟ್ಟಿ ಕುರ್ಚಿ ಬೇಕು. ಪ್ಲಾಸ್ಟಿಕ್‌ನದು ಬೇಡ, ಜಾರುತ್ತದೆ. ಗೋಡೆಗೆ ಒರಗಿಸಿಡಿ. ಅಪ್ಪ ಅಥವಾ ಅಮ್ಮ ಅದರ ಮಧ್ಯದಲ್ಲಿ ಕೂತು, ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಲಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 65ರಿಂದ 69 ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. 70ರಿಂದ 74ರವರಿಗೆ ಇದು 12 ಮತ್ತು 10. ಕೈ ಊರಲೇಬೇಕಾಗಿ ಬಂದರೆ ಅಂಕ ಸೊನ್ನೆ. ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿಂದಲೇ ಶುರು ಮಾಡಿದರಾಯಿತು.

ನನಗೆ ಎಣಿಕೆಗಿಂತ ಏಳುವ ರೀತಿಯೇ ಮುಖ್ಯ. ಗಮನಿಸಿ ನೋಡಿ. ಏಳುವ ಮೊದಲು ಮೈಯನ್ನು ಎರಡು ಸಲ ಮುಂದಕ್ಕೆ ತೂಗುತ್ತಾರಾ? ಉಸಿರು ಬಿಗಿಹಿಡಿಯುತ್ತಾರಾ? ಕೂರುವಾಗ ಕೊನೆಯ ನಾಲ್ಕು ಇಂಚು ‘ದೊಪ್’ ಅಂತ ಬೀಳುತ್ತಾರಾ? ಹಾಗಿದ್ದರೆ ತೊಡೆಯ ಸ್ನಾಯು ಮೈಭಾರ ತಡೆಯುತ್ತಿಲ್ಲ ಅಂತ ಅರ್ಥ. ಎದ್ದ ಕೂಡಲೇ ಗೋಡೆ ಹಿಡಿದು ಕಣ್ಣು ಮುಚ್ಚಿದರೆ ರಕ್ತದೊತ್ತಡ ಇಳಿಯುತ್ತಿರಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಾಮಾನ್ಯ. ವ್ಯಾಯಾಮಕ್ಕೆ ಮೊದಲು ವೈದ್ಯರಿಗೆ ತಿಳಿಸಿ.

ಹೆಜ್ಜೆ 2: ಅದೇ ಕುರ್ಚಿಯಲ್ಲಿ ಬಲ ಕಟ್ಟಿ

ಕಂಬಳಿಯನ್ನು ಬಿಗಿಯಾಗಿ ಮಡಚಿ ಕುರ್ಚಿಯ ಮೇಲಿಟ್ಟು ಎತ್ತರ ಮಾಡಿ. ಮೊದಲ ವಾರ ಕೈ ಊರಿಯೇ ಏಳಲಿ. ಆಮೇಲೆ ಒಂದು ಕೈ, ಆಮೇಲೆ ಕೈ ಇಲ್ಲದೆ. ನಂತರ ಕಂಬಳಿ ತೆಗೆಯಿರಿ. ಏಳುವುದಕ್ಕಿಂತ ಕೂರುವುದರ ಕಡೆ ಜಾಸ್ತಿ ಗಮನ ಇರಲಿ: ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ನಿಧಾನ ಇಳಿಯಬೇಕು. ಒಂದು ಸುತ್ತಿಗೆ ಎಂಟರಿಂದ ಹತ್ತು ಸಲ, ದಿನಕ್ಕೆ ಎರಡು ಸುತ್ತು, ದಿನ ಬಿಟ್ಟು ದಿನ ಸಾಕು. ಮಾರನೇ ದಿನ ತೊಡೆ ನೋವು ಬಂದರೆ ಹೆದರಬೇಡಿ. ಮಂಡಿಯ ಒಳಗೆ ಚುಚ್ಚಿದಂತಾದರೆ, ಎದೆ ಬಿಗಿದರೆ ಅಲ್ಲೇ ನಿಲ್ಲಿಸಿ.

ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಊಟಕ್ಕೆ ನೆಲ, ತರಕಾರಿ ಹೆಚ್ಚುವುದಕ್ಕೆ ನೆಲ, ಈಳಿಗೆಮಣೆ ಮುಂದೆ ದಿನಕ್ಕೆ ಎಷ್ಟೋ ಸಲ ಕೂತು ಏಳುತ್ತಿದ್ದರು. ಡೈನಿಂಗ್ ಟೇಬಲ್ ಬಂತು, ಆ ವ್ಯಾಯಾಮ ಹೋಯಿತು. ನಿಮಗೇ ಈಗ ನಲವತ್ತೈದು, ಐವತ್ತು ಆಗಿದ್ದರೆ, ಮಂಡಿ ನೋವಿಲ್ಲದಿದ್ದರೆ, ದಿನಕ್ಕೆ ಒಂದು ಊಟ ನೆಲದ ಮೇಲೆ ಮಾಡಿ.

ಹೆಜ್ಜೆ 3: ಅಡುಗೆ ಕಟ್ಟೆ ಹಿಡಿದು ಸಮತೋಲ

ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಲ್ಲಲಿ. 10 ಸೆಕೆಂಡ್ ನಿಲ್ಲಲಾಗದಿದ್ದರೆ ಬೀಳುವ ಸಂಭವ ಹೆಚ್ಚು. ಕಟ್ಟೆಯನ್ನು ಬೆರಳಲ್ಲಿ ಹಿಡಿದು ದಿನಾ ಅಭ್ಯಾಸ ಮಾಡಲಿ, ಕುಕ್ಕರ್ ಕೂಗುವುದರೊಳಗೆ ಮುಗಿಯುತ್ತದೆ.

ಹೆಜ್ಜೆ 4: ರಾತ್ರಿಯ ತಿಳಿಸಾರು ಸಾಲದು

ವ್ಯಾಯಾಮ ಮಾತ್ರದಿಂದ ಸ್ನಾಯು ಬೆಳೆಯುವುದಿಲ್ಲ. ಅನೇಕ ಹಿರಿಯರ ರಾತ್ರಿ ಊಟ ಅಂದರೆ ಎರಡು ತುತ್ತು ಅನ್ನ, ತಿಳಿಸಾರು, ಮಜ್ಜಿಗೆ. ಹೊಟ್ಟೆಗೆ ಹಗುರ, ಸ್ನಾಯುವಿಗೂ ಹಗುರವೇ. ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಗಟ್ಟಿ ಬೇಳೆ ತೊವ್ವೆ, ಮೊಳಕೆಕಾಳಿನ ಉಸಲಿ, ಮೊಸರು ಮೂರೂ ಹೊತ್ತಿಗೆ ಹಂಚಿಹೋಗಲಿ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಹೆಜ್ಜೆ 5: ಕೆಲಸದ ಜೊತೆ ತೀರ್ಮಾನವನ್ನೂ ಕೊಡಿ

‘ಅರವತ್ತಕ್ಕೆ ಅರಳುಮರಳು’ ಅನ್ನುವ ಗಾದೆಯನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 1956ರಲ್ಲಿ ಮನಶ್ಶಾಸ್ತ್ರಜ್ಞ ವಾರ್ನರ್ ಶಾಯಿ ಶುರು ಮಾಡಿದ ಅಧ್ಯಯನ ದಶಕಗಟ್ಟಲೆ ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಚಕಚಕನೆ ಗುರುತಿಸುವ ವೇಗ ಯೌವನದಿಂದಲೇ ಇಳಿಯತೊಡಗುತ್ತದೆ. ಆದರೆ ಪದಗಳ ತಿಳಿವಳಿಕೆ, ತರ್ಕದಂಥ ಶಕ್ತಿಗಳು ನಡುವಯಸ್ಸಿನಲ್ಲೇ ತುದಿ ಮುಟ್ಟುತ್ತವೆ. ಅಂದರೆ ಅಪ್ಪನಿಗೆ ಯುಪಿಐ ಅರ್ಥವಾಗುತ್ತದೆ, ಸ್ವಲ್ಪ ಹೊತ್ತು ಬೇಕು ಅಷ್ಟೇ. ‘ಕೊಡಿ ಇಲ್ಲಿ’ ಅಂತ ಮೊಬೈಲ್ ಕಿತ್ತುಕೊಳ್ಳಬೇಡಿ. ನಿಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು ಬಾಯಲ್ಲಿ ಮಾತ್ರ ಹೇಳಿ. ಒಂದು ದಿನಕ್ಕೆ ಒಂದೇ ಕೆಲಸ. ಹಂತಗಳನ್ನು ಅವರ ಡೈರಿಯಲ್ಲಿ ಅವರದೇ ಅಕ್ಷರದಲ್ಲಿ ಬರೆದುಕೊಳ್ಳಲಿ.

ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ಆರೈಕೆ ಕೇಂದ್ರವೊಂದರಲ್ಲಿ ನಡೆಸಿ 1976ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಒಂದು ಮಹಡಿಯ ಹಿರಿಯರಿಗೆ ‘ನಿಮ್ಮ ತೀರ್ಮಾನ ನಿಮ್ಮದೇ’ ಎಂದು ಹೇಳಿ, ನೋಡಿಕೊಳ್ಳಲು ಒಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ನೀರು ಮಾತ್ರ ನರ್ಸ್‌ಗಳು ಹಾಕುತ್ತಿದ್ದರು. ಮೂರು ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಖುಷಿಯಾಗಿದ್ದರು. ಗಿಡ ಇಬ್ಬರಿಗೂ ಸಿಕ್ಕಿತ್ತು, ಹೊಣೆ ಸಿಕ್ಕಿದ್ದು ಒಬ್ಬರಿಗೆ ಮಾತ್ರ.

ಹಾಗಾಗಿ ‘ಮೊಮ್ಮಗುವನ್ನು ನೋಡಿಕೊಳ್ಳಿ’ ಅನ್ನುವುದಷ್ಟೇ ಕೆಲಸ ಕೊಟ್ಟಂತಲ್ಲ. ವಾರದ ತರಕಾರಿ ಏನು ತರಬೇಕು, ಎಷ್ಟಕ್ಕೆ ತರಬೇಕು ಅನ್ನುವುದು ಅವರದೇ ನಿರ್ಧಾರ ಆಗಲಿ. ಬದನೆಕಾಯಿ ದುಬಾರಿಯಾಯಿತು ಅಂತ ಲೆಕ್ಕ ಕೇಳಲು ಹೋಗಬೇಡಿ.

ಕೊನೆಗೆ, ಯಾವುದು ವಯಸ್ಸಲ್ಲ?

ಟಿವಿ ಸದ್ದು ಏರುತ್ತಿದೆ, ‘ಕೇಳಿಸುತ್ತೆ, ಅರ್ಥ ಆಗಲ್ಲ’ ಅನ್ನುತ್ತಾರೆ ಅಂದರೆ ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಸ, ಶ ದಂಥ ತೆಳು ಧ್ವನಿಗಳು. ಕೇಳಿಸದವರು ಮಾತು ಬಿಡುತ್ತಾರೆ. ಚಿಕಿತ್ಸೆ ಮಾಡದ ಕಿವುಡು ಮರೆವಿನ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತದೆ. ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವು ಎಲ್ಲರಿಗೂ ಇದ್ದದ್ದೇ. ನಡೆದು ರೂಢಿಯಿರುವ ದಾರಿ ತಪ್ಪಿದರೆ, ಹಣದ ಲೆಕ್ಕ ಗೊಂದಲವಾದರೆ ತಡಮಾಡಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಯಾರನ್ನು ಕೇಳುವುದು ಅಂತ ತೋಚದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಶುಲ್ಕವಿಲ್ಲ.