ಅಳತೆ ತಪ್ಪಿದ ಚೌಕಗಳಿಂದ ಮಕ್ಕಳ ಕೌದಿ

ಆರೇಳು ವರ್ಷದ 24 ಮಕ್ಕಳೊಂದಿಗೆ ತರಗತಿಯಲ್ಲಿ ಕೌದಿ ಮಾಡಲು ಹೊರಟಾಗ, ಪ್ರತಿಯೊಬ್ಬರೂ 15 ಸೆಂ.ಮೀ. ಚೌಕವೊಂದನ್ನು ತಾವೇ ಕತ್ತರಿಸಿ ಬಟ್ಟೆಯ ಬಣ್ಣದಿಂದ ಚಿತ್ರ ಬರೆಯಲಿ ಎಂದು ನಿರ್ಧರಿಸಿದ್ದೆ. ಆದರೆ ಕೈಗೆ ಬಂದ ತುಂಡುಗಳು 13ರಿಂದ 16 ಸೆಂ.ಮೀ.ವರೆಗೆ ಬೇರೆ ಬೇರೆ ಅಳತೆಯಲ್ಲಿದ್ದುದರಿಂದ ಮೊದಲ ಸಾಲೇ ಸೊಟ್ಟಗಾಯಿತು. ಅಂಚಿನವರೆಗೂ ಬರೆದಿದ್ದ ಹೆಸರುಗಳ ಅಕ್ಷರಗಳು ಹೊಲಿಗೆಯೊಳಗೆ ಮರೆಯಾದವು. ಎಲ್ಲವನ್ನೂ ಅತಿ ಚಿಕ್ಕ ತುಂಡಿನ ಅಳತೆಗೆ ತರಬಹುದಿತ್ತು. ಆದರೆ ಮಗುವೊಂದು ಮನಸ್ಸಿಟ್ಟು ಬರೆದ ಸೂರ್ಯನನ್ನು ಅರ್ಧಕ್ಕೆ ಕತ್ತರಿಸುವುದು ನನಗೆ ಸರಿಯೆನಿಸಲಿಲ್ಲ.

ಹೊಲಿಗೆ ಬಿಚ್ಚಿದೆ. ಬಣ್ಣ ಬಿಡದಂತೆ, ಮುಂದೆ ಕುಗ್ಗದಂತೆ ಮೊದಲೇ ಒಗೆದಿದ್ದ ನೀಲಿ ಹತ್ತಿ ಬಟ್ಟೆಯಲ್ಲಿ 20 ಸೆಂ.ಮೀ.ನ 24 ಚೌಕಗಳನ್ನು ನಾನೇ ಕತ್ತರಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿದ ಮಕ್ಕಳ ತುಂಡುಗಳನ್ನು ಒಂದೊಂದು ಚೌಕದ ಮಧ್ಯದಲ್ಲಿ ಒಂದೊಂದರಂತೆ ಇಟ್ಟು, ಅಂಚಿನ ಸುತ್ತ ಜಿಗ್‌ಜ್ಯಾಗ್ ಹೊಲಿಗೆ ಹಾಕಿದೆ. ಈ ನೀಲಿ ಚೌಕಗಳನ್ನು ಪ್ರತಿ ಬದಿಯಲ್ಲೂ 1 ಸೆಂ.ಮೀ. ಒಳಗೆ ಹಿಡಿದು ಜೋಡಿಸಿದ್ದರಿಂದ ಕಾಣುವ ಅಳತೆ ಎಲ್ಲಕ್ಕೂ 18 ಸೆಂ.ಮೀ. ಆಯಿತು, ಅತಿ ದೊಡ್ಡ ತುಂಡಿನ ಸುತ್ತಲೂ ನೀಲಿ ಅಂಚು ಉಳಿಯಿತು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು ಚೌಕಗಳಂತೆ ಮೇಲುಹಾಸು 72 × 108 ಸೆಂ.ಮೀ.ಗೆ ನೇರವಾಗಿ ಬಂದಿತು.

ಮೇಲುಹಾಸು, ನಡುವಿನ ಪದರ, ಅಡಿಬಟ್ಟೆ ಈ ಮೂರು ಪದರಗಳನ್ನು ಯಂತ್ರದಲ್ಲಿ ಹೊಲಿದಿದ್ದರೆ ಮಕ್ಕಳು ಕೇವಲ ನೋಡುತ್ತ ಕೂರಬೇಕಾಗುತ್ತಿತ್ತು. ಅದರ ಬದಲು, ದಪ್ಪ ದಾರವನ್ನು ನಾನು ಸೂಜಿಯಿಂದ ಮೂರೂ ಪದರಗಳಲ್ಲಿ ಹಾಯಿಸಿ ಮೇಲೆ ತಂದುಕೊಟ್ಟೆ. ಪ್ರತಿ ಮಗುವೂ ತನ್ನ ಚೌಕದ ಮೂಲೆಯಲ್ಲಿ ತಾನೇ ಎರಡು ಗಂಟು ಹಾಕಿತು.