ಫ್ರೆಂಚ್ ಕ್ರಾಂತಿ ಓದೂದು ಹೆಂಗ?

ಕೊಪ್ಪಳದಾಗ ಪಿಯುಸಿ ಹುಡುಗರಿಗೆ ಮನ್ಯಾಗ ಇತಿಹಾಸ ಹೇಳಿಕೊಡ್ತೀನಿ. ಬಂದವರಿಗೆಲ್ಲ ಒಂದೇ ಮಾತು: ಇಸವಿ ಬಾಯಿಪಾಠ ಬ್ಯಾಡ, ಮೊದಲು ಬ್ರೆಡ್ಡಿನ ರೇಟು ನೋಡ್ರಿ. 1788ರಾಗ ಆಣಿಕಲ್ಲು ಮಳಿ ಬಿದ್ದು ಫ್ರಾನ್ಸಿನ ಬೆಳಿ ಹಾಳಾತು. ಮರುವರ್ಷ ಕೂಲಿಯವನ ದುಡಿಮಿ ಬಹುಪಾಲು ಬ್ರೆಡ್ಡಿಗೇ ಹೋಗ್ತಿತ್ತು. ರಾಜನ ಬೊಕ್ಕಸ ಖಾಲಿ, ತೆರಿಗಿ ಭಾರ ಮೂರನೇ ವರ್ಗದ (ಪಾದ್ರಿ, ಶ್ರೀಮಂತ ಕುಲೀನರನ್ನ ಬಿಟ್ಟು ಉಳಿದ ಜನರ) ತಲಿಮ್ಯಾಲೆ. ನಮ್ಮ ಕಡೆ ಮುಂಗಾರು ಕೈಕೊಟ್ಟ ವರ್ಷ ನೆನಸಿಕೊಂಡ್ರ ಅರ್ಧ ಪಾಠ ತಿಳೀತು.

ಆಮೇಲೆ ಹಾಳಿ ನಡುವ ಗೆರಿ ಎಳೀರಿ. ಎಡಕ್ಕ ಕ್ರಾಂತಿಗೆ ವಿಚಾರ ಕೊಟ್ಟ ಚಿಂತಕರು ತೀರಿಹೋದ ಇಸವಿ: ಮಾಂಟೆಸ್ಕ್ಯೂ 1755, ವಾಲ್ಟೇರ್, ರೂಸೋ ಇಬ್ಬರೂ 1778. ಬಲಕ್ಕ 1789ರ ಘಟನೆಗಳು: ಜೂನ್ 20 ಟೆನಿಸ್ ಅಂಗಳದ ಪ್ರತಿಜ್ಞೆ (ಸಂವಿಧಾನ ಆಗೂತನಕ ಚದುರೂದಿಲ್ಲ ಅಂತ ಮೂರನೇ ವರ್ಗದ ಪ್ರತಿನಿಧಿಗಳು ಮಾಡಿದ ಆಣಿ), ಜುಲೈ 14 ಪ್ಯಾರಿಸ್ಸಿನ ಬಾಸ್ಟಿಲ್ ಕೋಟೆ-ಜೈಲಿನ ಮ್ಯಾಲೆ ಜನರ ದಾಳಿ. ರೂಸೋನೇ ಮುಂದ ನಿಂತು ಕ್ರಾಂತಿ ಮಾಡಿಸಿದ ಅಂತ ಬರದು ನಾನು ಪರೀಕ್ಷೆದಾಗ ಅಂಕ ಕಳಕೊಂಡೀನಿ. ಪುಣ್ಯಾತ್ಮ ಸತ್ತು 11 ವರ್ಷ ಆಗಿತ್ತು! ಇನ್ನ ಬಾಸ್ಟಿಲ್‌ನಾಗ ಇದ್ದ ಕೈದಿಗಳು ಬರೇ 7 ಮಂದಿ. ಜನಕ್ಕ ಬೇಕಾಗಿದ್ದು ಅಲ್ಲಿದ್ದ ಬಂದೂಕಿನ ಮದ್ದು. ಉತ್ತರದಾಗ ಇದನ್ನ ಮರೀಬ್ಯಾಡ್ರಿ.

ನೆಪೋಲಿಯನ್‌ಗೆ ಬ್ಯಾರೆ ಹಾಳಿ ಇಡ್ರಿ.

ಬ್ಯಾಸರಾದ್ರ ಪುಸ್ತಕ ತಗೊಂಡು ನಮ್ಮ ಕೊಪ್ಪಳ ಕೋಟೆ ಹತ್ರಿ. 1786ರಾಗ ಟಿಪ್ಪು ಕೈಗೆ ಬಂದ ಮ್ಯಾಲೆ ಅದನ್ನ ಗಟ್ಟಿ ಮಾಡಿಕೊಟ್ಟವರು ಫ್ರೆಂಚ್ ಎಂಜಿನಿಯರ್‌ಗಳೇ.